ಘಟ್ಟದ ಹಳಿಯೂ ತರುಣ ಗಣಿತಜ್ಞರ ಬಹುಮಾನವೂ

ಸಕಲೇಶಪುರದಿಂದ ಹೊರಟು ದೋಣಿಗಾಲ್, ಕಡಗರವಳ್ಳಿ ನಿಲ್ದಾಣಗಳನ್ನು ಹಿಂದಿಕ್ಕಿ, ಸುರಂಗದಿಂದ ಸೇತುವೆಗೂ ಸೇತುವೆಯಿಂದ ಮತ್ತೆ ಸುರಂಗಕ್ಕೂ ಹೊಕ್ಕು ಹೊರಡುತ್ತ ಪಶ್ಚಿಮದ ತಪ್ಪಲಿಗಿಳಿಯುವ ರೈಲುಮಾರ್ಗದಲ್ಲಿ, ಅಂಗಡಿಬೀದಿಯಾಗಲಿ ಮೋಟಾರು ರಸ್ತೆಯಾಗಲಿ ಬಳಿಯಲ್ಲಿಲ್ಲದ ದಟ್ಟಾರಣ್ಯದ ನಡುವೆ, ಎಡಕುಮೇರಿ ಎಂಬ ನಿಲ್ದಾಣವೊಂದಿದೆ. ಅಲ್ಲಿ ಇಳಿಯುವವರು ಬಹುಮಟ್ಟಿಗೆ ರೈಲ್ವೆಯ ಕೆಲಸಗಾರರು, ಏರುವವರೂ ಅವರೇ. ಗಾಡಿಗಳ ಸಂಚಾರವು ನಿಂತಿದ್ದ ಕೆಲವು ವರ್ಷಗಳಲ್ಲಿ ಹಳಿಯ ಗುಂಟ ನಡೆದು ಕಾಡನ್ನು ನೋಡಬಂದ ಚಾರಣಿಗರು ಇದಕ್ಕೆ ‘ಹಸಿರು ಮಾರ್ಗ’ವೆಂದು ಹೆಸರಿಟ್ಟು ಅದರ ಕೀರ್ತಿಯನ್ನು ಬೆಂಗಳೂರಿನವರೆಗೂ ಹಬ್ಬಿಸಿದರು. ಅವರು ಕಂಡದ್ದು ಮಳೆ, ಮಂಜು, ಆನೆಯ ಹೆಜ್ಜೆ, ಕೆಂಪುಹೊಳೆಯ ಸದ್ದು. ನಾನು ಇಲ್ಲಿ ಹೇಳಹೊರಟಿರುವುದಾದರೋ ಅನ್ವಯಗಣಿತವೆಂಬ ಶಾಸ್ತ್ರದಲ್ಲಿ ಆಗತಾನೇ ಕಾಲೂರಿದ ತರುಣರಿಗೆ ಬಹುಮಾನ ಕೊಡುವ ಪದ್ಧತಿಯು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ನಮ್ಮ ಸೀಮೆಯನ್ನು ಯಾವ ದಾರಿಯಿಂದ ಮುಟ್ಟಿತು ಎಂಬ ಸಂಗತಿಯನ್ನು. ಅದಕ್ಕೆ ಈ ನಿಲ್ದಾಣದ ಹಳಿಗಿಂತ ಪ್ರಶಸ್ತವಾದ ಪೀಠಿಕೆ ನನಗೆ ತೋರಲಿಲ್ಲ.

ಈ ಮಾರ್ಗದ ಕೆಲಸ 1960ರ ದಶಕದಲ್ಲಿ ತೊಡಗಿ, ಮಂಗಳೂರಿಗೆ ಹೊಸ ಬಂದರು ಬರುವುದೆಂಬ ನಿರೀಕ್ಷೆಯ ಒತ್ತಾಸೆಯಿಂದ ಮುಂದುವರಿದು, 1979ರಲ್ಲಿ ಹಾಸನ–ಮಂಗಳೂರುಗಳ ನಡುವೆ ಮೀಟರ್ ಗೇಜಿನ ಗಾಡಿಗಳು ಓಡಾಡತೊಡಗುವುದರೊಂದಿಗೆ ಪೂರ್ಣವಾಯಿತು. 1996ರಲ್ಲಿ ಸಂಚಾರವನ್ನು ನಿಲ್ಲಿಸಿ ಹಳಿಯನ್ನು ಬ್ರಾಡ್ ಗೇಜಿಗೆ ಅಗಲಿಸಲಾಗಿ, 2006ರಲ್ಲಿ ಸರಕಿನ ಗಾಡಿಗಳೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳೂ ಮತ್ತೆ ಓಡಿದವು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಸಕಲೇಶಪುರದಿಂದ ಘಟ್ಟದ ಬುಡದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಸುಮಾರು 55 ಕಿಲೋಮೀಟರು. ಅಷ್ಟರೊಳಗೆ 57 ಸುರಂಗಗಳು, ನೂರಕ್ಕೂ ಮಿಕ್ಕ ಸೇತುವೆಗಳು. ಏರಿನ ಪ್ರಮಾಣ 50ಕ್ಕೆ 1. ಮೇಲಕ್ಕೆ ಹತ್ತುವ ಗಾಡಿಗಳಿಗೆ ಮುಂದಿನ ಎಂಜಿನ್ ಸಾಲದೆ ಹಿಂದಿನಿಂದಲೂ ಬ್ಯಾಂಕರ್ ಎಂಜಿನುಗಳು ಒತ್ತಿಕೊಡಬೇಕು.

ಓದುಗರು ಬೇಸರಗೊಳ್ಳದಿದ್ದರೆ ಈ ಹಳಿಯೊಳಗೆ ಅಡಗಿರುವ ಲೆಕ್ಕವನ್ನು ಕೊಂಚ ಬಿಡಿಸಿ ನೋಡಬಹುದು. ಬ್ರಾಡ್ ಗೇಜಿನಲ್ಲಿ ಅನುಮತಿಯಿರುವ ಅತ್ಯಂತ ಬಿಗಿಯಾದ ತಿರುವು 10 ಡಿಗ್ರಿಯದು, ಎಂದರೆ 175 ಮೀಟರ್ ತ್ರಿಜ್ಯದ ವೃತ್ತದ ತುಂಡು. ಗಾಡಿಯು ಇಂತಹ ತಿರುವಿನಲ್ಲಿ ಹೊರಳುವಾಗ ಹೊರಕ್ಕೆ ಎಸೆಯಲ್ಪಡುವ ಪ್ರವೃತ್ತಿಯನ್ನು ಸರಿದೂಗಿಸಲು ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಎತ್ತರಿಸಬೇಕಷ್ಟೆ. ಗಂಟೆಗೆ 30 ಕಿಲೋಮೀಟರಿನ ಘಟ್ಟದ ವೇಗಕ್ಕೆ ಆ ಎತ್ತರ ಸುಮಾರು 71 ಮಿಲಿಮೀಟರು ಎಂದು ಲೆಕ್ಕ ಬರುತ್ತದೆ. ವೇಗವನ್ನು ಇಮ್ಮಡಿಸಿದರೆ ಎತ್ತರ ನಾಲ್ಮಡಿಯಾಗಿ 280 ಮಿಲಿಮೀಟರನ್ನು ಮೀರುವುದರಿಂದ, ಅಷ್ಟು ವಾಲಿಸಿದ ಹಳಿಯ ಮೇಲೆ ನಿಂತ ಗಾಡಿ ಒಳಮಗ್ಗುಲಿಗೆ ಉರುಳೀತೆಂಬ ಭಯದಿಂದ, ವೇಗವೇ ತಲೆಬಾಗಬೇಕಾಗುತ್ತದೆ. ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜುವುದರಿಂದ ಎಳೆತ ಹೆಚ್ಚುತ್ತದೆ. ಆದಕಾರಣ ಏರೂ ತಿರುವೂ ಕೂಡಿಬಂದಲ್ಲಿ ಪ್ರತಿ ಡಿಗ್ರಿಗೆ ನೂರಕ್ಕೆ 0.04ರಂತೆ ಏರನ್ನು ಇಳಿಸಬೇಕೆಂಬ ನಿಯಮವುಂಟು. 50ಕ್ಕೆ 1ರ ಏರು 10 ಡಿಗ್ರಿಯ ತಿರುವಿನಲ್ಲಿ ಸುಮಾರು 62ಕ್ಕೆ 1ಕ್ಕೆ ಇಳಿಯುವುದು ಹೀಗೆ. ಇನ್ನು ನೇರವಾದ ಹಳಿಯು ಒಮ್ಮೆಲೇ ವೃತ್ತಕ್ಕೆ ಹೊರಳುವಂತಿಲ್ಲ. ಜಾಣ ಗಾಡಿಯಾಳು ತಿರುವು ಕಾಣುವ ಮುನ್ನವೇ ಹಗ್ಗವನ್ನು ಇಷ್ಟಿಷ್ಟೇ ಎಳೆದು ಎತ್ತುಗಳ ಕೊರಳನ್ನು ಹೊರಳಿಸುವಂತೆ, ವಕ್ರತೆಯು ಶೂನ್ಯದಿಂದ ಅಂಶಾಂಶವಾಗಿ ಏರಬೇಕು. ಅದಕ್ಕಾಗಿ ನಮ್ಮ ರೈಲ್ವೆಯವರು ಬಳಸುವುದು ಘನಾತ್ಮಕ ಪರವಲಯವೊಂದನ್ನು. ಅದಕ್ಕೆ ಮೂಲವಾದ ಸುರುಳಿರೇಖೆಯನ್ನು 1744ರಷ್ಟು ಹಿಂದೆಯೇ ಪರಿಶೀಲಿಸಿದವನು ಲೆಯೊನಾರ್ಡ್ ಆಯ್ಲರ್.

ಬಹುಮಾನದ ಕತೆಯೂ ಈ ಆಯ್ಲರನಿಂದಲೇ ಆರಂಭವಾಗುವುದು ಸೊಗಸಾದ ಯೋಗ. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು ಹದಿನೆಂಟನೆಯ ಶತಮಾನದ ಆದಿಯಿಂದ ಪ್ರಶ್ನೆಯೊಂದನ್ನು ಸಾರಿ, ಅದಕ್ಕೆ ಉತ್ತಮವಾದ ಉತ್ತರವನ್ನು ಬರೆದು ಕಳುಹಿಸಿದವನಿಗೆ ಹಣವನ್ನೂ ಹೆಸರನ್ನೂ ಕೊಡುತ್ತಿತ್ತು. ಪ್ರಶ್ನೆಗಳು ಬಹುಮಟ್ಟಿಗೆ ನೌಕಾಯಾನ, ಅಯಸ್ಕಾಂತ, ಗ್ರಹಗತಿ ಮುಂತಾದ ಲೋಕೋಪಯೋಗದವು. 1727ರ ಪ್ರಶ್ನೆ ಹಡಗಿನ ಕೂವೆಮರಗಳನ್ನು ಎಲ್ಲಿ ಹೇಗೆ ನಿಲ್ಲಿಸಬೇಕೆಂಬುದು. ಸಮುದ್ರದಿಂದ ಬಹುದೂರದ ಬಾಸೆಲ್ ನಗರದಲ್ಲಿ ಕುಳಿತು, ಇಪ್ಪತ್ತು ತುಂಬುತ್ತಿದ್ದ ಆಯ್ಲರನು ಅದಕ್ಕೆ ಉತ್ತರ ಬರೆದನು. ಮೊದಲ ಬಹುಮಾನ ನೌಕಾಶಾಸ್ತ್ರವನ್ನೇ ಬದುಕಾಗಿಸಿಕೊಂಡಿದ್ದ ಬೂಗೇರನಿಗೆ ಸಂದು ಆಯ್ಲರನಿಗೆ ಅದರ ಕೆಳಗಿನ ಗೌರವ ದೊರೆಯಿತು. ಮುಂದೆ ಅದೇ ಅಕಾಡೆಮಿಯ ಬಹುಮಾನವನ್ನು ಅವನು 12 ಬಾರಿ ಗೆದ್ದನು. ಕಡಲನ್ನು ಕಾಣದ ಹುಡುಗನು ಹಡಗಿನ ಲೆಕ್ಕವನ್ನು ಬರೆದದ್ದನ್ನು ಕೆಲವರು ಉದ್ಧಟತನವೆಂದಾರು. ನನಗಂತೂ ಅನ್ವಯಗಣಿತದ ಸ್ವಭಾವವೇ ಅದರಲ್ಲಿ ಪ್ರಕಟವಾದಂತೆ ತೋರುತ್ತದೆ. ಅದೇ ಅಕಾಡೆಮಿಯು 1781ರಲ್ಲಿ ಘರ್ಷಣೆಯನ್ನು ಕುರಿತ ಪ್ರಬಂಧಕ್ಕಾಗಿ ಸೇನೆಯ ಎಂಜಿನಿಯರನಾದ ಕೂಲಂಬನಿಗೆ ಬಹುಮಾನವಿತ್ತಿತು. ಮುಂಗಾರಿನಲ್ಲಿ ತೊಯ್ದ ಹಳಿಯ ಮೇಲೆ ಚಕ್ರ ಜಾರದಿರಲೆಂದು ಎಂಜಿನಿನಿಂದ ಮರಳನ್ನು ಚೆಲ್ಲಿಸುವವರು ಕೂಲಂಬನ ನಿಯಮದ ಪ್ರಯೋಗಶಾಲೆಯಲ್ಲಿಯೇ ದುಡಿಯುತ್ತಿರುವವರು.

ಆದರೆ ಈ ಬಹುಮಾನಗಳಿಗೆ ವಯಸ್ಸಿನ ಕಟ್ಟಿರಲಿಲ್ಲ. ಎಳೆಯರಿಗೇ ಮೀಸಲಾದದ್ದು ಕೇಂಬ್ರಿಜ್ಜಿನ ಸ್ಮಿತ್ ಬಹುಮಾನ. 1768ರಲ್ಲಿ ತೀರಿಕೊಂಡ ಟ್ರಿನಿಟಿ ಕಾಲೇಜಿನ ಮುಖ್ಯಸ್ಥ ರಾಬರ್ಟ್ ಸ್ಮಿತ್ತನು, ಹೊಸದಾಗಿ ಪದವಿ ಪಡೆದವರಲ್ಲಿ ಗಣಿತದಲ್ಲಿಯೂ ನಿಸರ್ಗವಿಜ್ಞಾನದಲ್ಲಿಯೂ ಹೆಚ್ಚಿನ ಪ್ರಗತಿಯನ್ನು ತೋರಿದ ಇಬ್ಬರಿಗೆ ವರ್ಷವರ್ಷವೂ ತಲಾ 25 ಪೌಂಡುಗಳು ಸಲ್ಲುವಂತೆ ತನ್ನ ಉಯಿಲಿನಲ್ಲಿ ಬರೆದಿಟ್ಟಿದ್ದನು. 1769ರಿಂದ ಅದು ನಡೆದುಬಂದಿತು. ಗಣಿತವನ್ನೂ ನಿಸರ್ಗವಿಜ್ಞಾನವನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿದ್ದರಿಂದ, ಅನ್ವಯಗಣಿತವೆಂಬ ಪ್ರತ್ಯೇಕ ಶಾಸ್ತ್ರವೊಂದು ತಲೆಯೆತ್ತುವುದಕ್ಕೆ ಬಹಳ ಮುಂಚೆಯೇ, ಅದರ ತರುಣರಿಗೆ ಒಂದು ಪಾರಿತೋಷಕ ಸಿದ್ಧವಾಗಿತ್ತೆಂದು ಹೇಳತಕ್ಕದ್ದು. 1823ರಲ್ಲಿ ಏರಿ ಎಂಬವನು, 1841ರಲ್ಲಿ ಸ್ಟೋಕ್ಸ್, 1843ರಲ್ಲಿ ನೆಪ್ಚೂನ್ ಗ್ರಹದ ಲೆಕ್ಕದಿಂದ ಹೆಸರಾದ ಆಡಮ್ಸ್, 1845ರಲ್ಲಿ ಮುಂದೆ ಲಾರ್ಡ್ ಕೆಲ್ವಿನ್ ಆದ ತಾಮ್ಸನ್ ಅದನ್ನು ಪಡೆದರು.

ಇವರಲ್ಲಿ ಎಡಕುಮೇರಿಗೆ ಹತ್ತಿರದವನೆಂದರೆ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. 1847ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಚೆಸ್ಟರ್ ನಗರದ ಬಳಿ ಡೀ ನದಿಯ ಮೇಲಿನ ಎರಕದ ಕಬ್ಬಿಣದ ರೈಲುಸೇತುವೆ ಗಾಡಿ ಹಾಯುತ್ತಿದ್ದಂತೆಯೇ ಮುರಿದುಬಿತ್ತು. ಪರೀಕ್ಷಾರ್ಥವಾಗಿ ಸರ್ಕಾರ ನೇಮಿಸಿದ ಆಯೋಗದಲ್ಲಿ ಕೇಂಬ್ರಿಜ್ಜಿನ ರಾಬರ್ಟ್ ವಿಲ್ಲಿಸ್ ಇದ್ದನು. ಒಂದು ಭಾರವನ್ನು ತೊಲೆಯ ಮೇಲೆ ಸುಮ್ಮನೆ ಇಟ್ಟಾಗ ಬಾಗುವುದಕ್ಕಿಂತ, ಅದೇ ಭಾರ ವೇಗದಿಂದ ಹಾದುಹೋದಾಗ ತೊಲೆ ಹೆಚ್ಚು ಬಾಗುವುದನ್ನು ಪ್ರಯೋಗದಿಂದ ಕಂಡ ಅವನು, ಕಾರಣವನ್ನು ಬಿಡಿಸಿಕೊಡುವಂತೆ ಸ್ಟೋಕ್ಸನನ್ನು ಕೇಳಿಕೊಂಡನು. ಸ್ಟೋಕ್ಸನು 1849ರಲ್ಲಿ, ಇನ್ನೂ 30ರ ಆಸುಪಾಸಿನ ವಯಸ್ಸಿನಲ್ಲಿ, ರೈಲುಸೇತುವೆಗಳ ಮುರಿತಕ್ಕೆ ಸಂಬಂಧಿಸಿದ ಅವಕಲ ಸಮೀಕರಣವೊಂದನ್ನು ವಿಚಾರಿಸುವ ಪ್ರಬಂಧವನ್ನು ಬರೆದನು. ಚಲಿಸುವ ಭಾರದ ಅಡಿಯಲ್ಲಿ ಸೇತುವೆಯ ವರ್ತನೆಯೆಂಬ ವಿಷಯಕ್ಕೆ ಅದು ತಳಹದಿಗಳಲ್ಲಿ ಒಂದಾಯಿತು. ಘಟ್ಟದ ನೂರು ಸೇತುವೆಗಳ ಮೇಲೆ ಸರಕಿನ ಗಾಡಿಗಳು ಹಾಯುವ ಮೊದಲು ಎಂಜಿನಿಯರನು ನಿಂತ ಭಾರಕ್ಕೆ ಇಷ್ಟು, ಓಡುವ ಭಾರದ ಆಘಾತಕ್ಕೆ ಮತ್ತಿಷ್ಟು ಎಂದು ಕೂಡಿಸುತ್ತಾನಲ್ಲ, ಆ ಎರಡನೆಯ ‘ಇಷ್ಟು’ ಎಂಬುದರ ಚರಿತ್ರೆಯಲ್ಲಿ ಸ್ಮಿತ್ ಬಹುಮಾನಿತನೊಬ್ಬನ ಹೆಸರಿದೆ.

ಇದೇ ಸ್ಟೋಕ್ಸನು ಮುಂದೆ ಆ ಬಹುಮಾನದ ಪರೀಕ್ಷಕನೂ ಆದನು. 1854ರ ಪರೀಕ್ಷೆಯಲ್ಲಿ ಅವನು ಕೇಳಿದ ಪ್ರಶ್ನೆಗಳಲ್ಲೊಂದು, ತಾಮ್ಸನ್ನನು 1850ರಲ್ಲಿ ಅವನಿಗೆ ಕಾಗದದಲ್ಲಿ ಬರೆದು ತಿಳಿಸಿದ್ದ ಪ್ರಮೇಯವನ್ನು ಸಾಧಿಸೆಂಬುದಾಗಿತ್ತು. ಇಂದು ಎಂಜಿನಿಯರಿಂಗ್ ಕಾಲೇಜಿನ ಪ್ರತಿ ವಿದ್ಯಾರ್ಥಿಯೂ ಗಟ್ಟಿಮಾಡುವ ಸ್ಟೋಕ್ಸನ ಪ್ರಮೇಯ ಅಚ್ಚಿನಲ್ಲಿ ಮೊದಲು ಮುಖ ತೋರಿದ್ದು ಹೀಗೊಂದು ಬಹುಮಾನದ ಪ್ರಶ್ನೆಪತ್ರಿಕೆಯಲ್ಲಿ. ಆ ಪರೀಕ್ಷೆಗೆ ಕುಳಿತವರಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಇದ್ದನು. ಅವನಿಗೂ ಸಹಸ್ಪರ್ಧಿ ರೌತನಿಗೂ ಆ ವರ್ಷದ ಬಹುಮಾನ ಸಮಸಮವಾಗಿ ಸಂದಿತು. ಅದೇ ಪ್ರಮೇಯವನ್ನು ಮ್ಯಾಕ್ಸ್‌ವೆಲ್ ಅನಂತರ ವಿದ್ಯುತ್ಕಾಂತ ಶಾಸ್ತ್ರದಲ್ಲಿ ಹೇಗೆ ದುಡಿಸಿಕೊಂಡನೆಂಬುದನ್ನು ಬಲ್ಲವರಿಗೆ, ಪ್ರಶ್ನೆ ಕೇಳಿದವನೇ ಇಲ್ಲಿ ಬಹುಮಾನಕ್ಕಿಂತ ದೊಡ್ಡದನ್ನು ಕೊಟ್ಟನೆಂದು ಅನಿಸದಿರದು. ಮೂರು ವರ್ಷದ ತರುವಾಯ ಮ್ಯಾಕ್ಸ್‌ವೆಲ್ ಆಡಮ್ಸ್ ಬಹುಮಾನವನ್ನು ಗೆದ್ದನು. ನೆಪ್ಚೂನಿನ ಶೋಧದ ಸ್ಮಾರಕವಾಗಿ 1848ರಲ್ಲಿ ಸ್ಥಾಪಿತವಾದ ಅದರ ಆ ಸಲದ ಪ್ರಶ್ನೆ ಶನಿಗ್ರಹದ ಉಂಗುರಗಳು ಹೇಗೆ ಸ್ಥಿರವಾಗಿ ನಿಂತಿವೆಯೆಂಬುದು. ಉತ್ತರ ಬರೆದು ಒಪ್ಪಿಸಿದವನು ಅವನೊಬ್ಬನೇ.

ಸ್ಮಿತ್ ಬಹುಮಾನವು 1880ರ ದಶಕದಲ್ಲಿ ಪರೀಕ್ಷೆಯನ್ನು ಬಿಟ್ಟು ಸ್ವತಂತ್ರ ಪ್ರಬಂಧವನ್ನು ಬೇಡತೊಡಗಿತು. 1936ರಲ್ಲಿ ಅಲನ್ ಟ್ಯೂರಿಂಗನಿಗೂ 1962ರಲ್ಲಿ ನಮ್ಮವರಾದ ಜಯಂತ ನಾರ್ಲೀಕರರಿಗೂ ಅದು ಸಂದದ್ದು ಈ ಹೊಸ ಕ್ರಮದಲ್ಲಿ. ಆಮೇಲಿನ ಕಾಲದಲ್ಲಿ ಹುಟ್ಟಿದ ಬಹುಮಾನಗಳ ಪಟ್ಟಿ ದೊಡ್ಡದು: 42ರೊಳಗಿನವರಿಗೆ ನಾಲ್ಕು ವರ್ಷಕ್ಕೊಮ್ಮೆ ಕೊಡುವ ಕೊಲಾಟ್ಸ್ ಬಹುಮಾನ, ಬ್ರಿಟನ್ನಿನ ತರುಣ ಅನ್ವಯಗಣಿತಜ್ಞರಿಗೆ ಲೈಟ್‌ಹಿಲ್–ಥ್ವೇಟ್ಸ್ ಬಹುಮಾನ, ಅಮೆರಿಕೆಯ ಡಿಪ್ರೈಮಾ ಬಹುಮಾನ. ಇವೆಲ್ಲವನ್ನೂ ಇಲ್ಲಿ ವಿವರಿಸುವುದಿಲ್ಲ. ಲೈಟ್‌ಹಿಲ್ ಎಂಬ ಹೆಸರನ್ನು ಮಾತ್ರ ಓದುಗರು ನೆನಪಿನಲ್ಲಿಟ್ಟಿರಬೇಕು. ಸ್ಟೋಕ್ಸನ ಪೀಠವನ್ನೇ ಒಂದು ಕಾಲದಲ್ಲಿ ಅಲಂಕರಿಸಿದ ಆತ, 1955ರಲ್ಲಿ ವಿದಮ್ ಎಂಬವನೊಡಗೂಡಿ, ಉದ್ದನೆಯ ನದಿಗಳಲ್ಲಿ ನೆರೆ ಮುನ್ನಡೆಯುವ ಬಗೆಯನ್ನೂ ರಸ್ತೆಯಲ್ಲಿ ವಾಹನಗಳು ದಟ್ಟೈಸುವ ಬಗೆಯನ್ನೂ ಒಂದೇ ಸಮೀಕರಣದ ಎರಡು ಮುಖಗಳೆಂದು ತೋರಿಸಿದನು. ಅದರ ಎಳೆ ಬೆಂಗಳೂರಿನವರೆಗೂ ಬರುತ್ತದೆ.

ಇನ್ನು ಈ ಬೆಟ್ಟಗಳ ಕಡೆಗೆ ಹೊರಳೋಣ. ಇಲ್ಲಿ ಗಣಿತದ ಅನ್ವಯ ರೈಲಿನೊಂದಿಗೆ ಬಂದದ್ದಲ್ಲ. ದೋಣಿಗಾಲಿಗೆ ಸಮೀಪದ ಮಂಜರಾಬಾದಿನ ಕೋಟೆಯನ್ನು ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದಾಗ, ಯಾವ ಮೂಲೆಯ ಬುಡಕ್ಕೆ ಬಂದ ಶತ್ರುವೂ ಪಕ್ಕದ ಮೂಲೆಯ ತುಪಾಕಿಗೆ ಮರೆಯಾಗದಂತೆ ಎಂಟು ಮೊನೆಗಳ ನಕ್ಷತ್ರಾಕಾರವನ್ನು ಕೊಟ್ಟದ್ದು, ಫ್ರೆಂಚರ ವೋಬಾನನ ಸಂಪ್ರದಾಯದಿಂದ ಬಂದ ಶುದ್ಧ ರೇಖಾಗಣಿತ. ಅದಾದ ಹತ್ತು ಹದಿಮೂರು ವರ್ಷಗಳಲ್ಲಿ, ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಸೈನ್ಯಾಧಿಕಾರಿ ವಿಲಿಯಂ ಲ್ಯಾಂಬ್ಟನ್, 1802ರಲ್ಲಿ ಮದರಾಸಿನ ಬಳಿ ಸರಪಳಿಯಿಂದ ಅಳೆದ ಆಧಾರರೇಖೆಯಿಂದ ಹೊರಟು, 1804ರಲ್ಲಿ ಬೆಂಗಳೂರಿನ ಬಳಿಯ ಇನ್ನೊಂದು ರೇಖೆಯಿಂದ ತಾಳೆನೋಡಿ, ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋಣಗಳನ್ನು ಹೆಣೆಯುತ್ತ ಇದೇ ಅಕ್ಷಾಂಶದ ಆಸುಪಾಸಿನಲ್ಲಿ ಘಟ್ಟವನ್ನು ದಾಟಿ ಮಂಗಳೂರಿನ ಕಡಲಿಗೆ ಮುಟ್ಟಿದನು. ಹಳೆಯ ನಕ್ಷೆಗಳಲ್ಲಿ 400 ಮೈಲಿಯಿದ್ದ ಪರ್ಯಾಯದ್ವೀಪದ ಅಗಲ 360 ಮೈಲಿಗೆ ಕುಗ್ಗಿದ್ದು ಆಗಲೇ. ಭೂಮಾಪನದ ಈ ಮಹಾಕಾರ್ಯವು ಉತ್ತರಕ್ಕೆ ಹಬ್ಬಿದಾಗ ಹಿಮಾಲಯದ ಬಳಿಯ ತೂಗುಗುಂಡು ಗಣಿತ ಹೇಳಿದಷ್ಟು ಬೆಟ್ಟದ ಕಡೆಗೆ ವಾಲದೆ ವಿದ್ವಾಂಸರನ್ನು ತಬ್ಬಿಬ್ಬಾಗಿಸಿತು. ಪರ್ವತಗಳಿಗೆ ಕೆಳಗೆ ಹಗುರವಾದ ಬೇರುಗಳಿರಬೇಕೆಂದು 1855ರಲ್ಲಿ ಸಮಾಧಾನ ಸೂಚಿಸಿದವನು 1823ರ ಸ್ಮಿತ್ ಬಹುಮಾನಿತನಾದ ಅದೇ ಏರಿ. ಲ್ಯಾಂಬ್ಟನ್ನನಿಗೆ ತಾರುಣ್ಯದಲ್ಲಿ ಯಾರೂ ಬಹುಮಾನ ಕೊಡಲಿಲ್ಲ. ಅವನು ಈ ಕೆಲಸಕ್ಕೆ ಕೈಹಚ್ಚಿದ್ದೇ ನಡುವಯಸ್ಸು ಜಾರಿದ ಮೇಲೆ.

ನಮ್ಮಲ್ಲಿ ಗಣಿತಜ್ಞರಿಗೆ ಮನ್ನಣೆಯೇ ಇರಲಿಲ್ಲವೆಂದು ಇದರಿಂದ ಭಾವಿಸಬಾರದು. ರಾಷ್ಟ್ರಕೂಟ ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು, ಹನ್ನೆರಡನೆಯ ಶತಮಾನದಲ್ಲಿ, ಹೊಯ್ಸಳರ ಕಾಲದಲ್ಲಿ, ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದುವನ್ನು ಕನ್ನಡದಲ್ಲಿಯೇ ರಚಿಸಿ ಅಂಗಡಿಯ ತಕ್ಕಡಿಗೂ ಹೊಲದ ಅಳತೆಗೂ ಸೂತ್ರಗಳನ್ನು ಒದಗಿಸಿದನು. ಹೆಸರಿನಲ್ಲಿಯೇ ವ್ಯವಹಾರವನ್ನು ಹೊತ್ತ ಈ ಗ್ರಂಥಕ್ಕಿಂತ ಅಪ್ಪಟ ಅನ್ವಯಗಣಿತ ಮತ್ತಾವುದಿದ್ದೀತು? ಆದರೆ ರಾಜಾಶ್ರಯವು ಸಿದ್ಧಿಗೆ ಸಲ್ಲುವ ಗೌರವ. ಇನ್ನೂ ಸಿದ್ಧಿಸದಿರುವ, ಸಿದ್ಧಿಸೀತೆಂಬ ಭರವಸೆಯನ್ನು ಮಾತ್ರ ತೋರಿದ ಎಳೆಯನಿಗೆ ಕೈಯೆತ್ತಿ ಕೊಡುವ ಪದ್ಧತಿ ವಿಶ್ವವಿದ್ಯಾನಿಲಯಗಳ ಸೃಷ್ಟಿ. ಕನ್ನಡನಾಡಿಗೆ ಅದು ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲಿನಿಂದ.

1935ರ ಚಳಿಗಾಲದಲ್ಲಿ, ಜರ್ಮನಿಯಿಂದ ಹೊರದೂಡಲ್ಪಟ್ಟಿದ್ದ ಮ್ಯಾಕ್ಸ್ ಬಾರ್ನ್ ಸಿ.ವಿ. ರಾಮನ್ನರ ಆಹ್ವಾನದ ಮೇರೆಗೆ ಆ ಸಂಸ್ಥೆಗೆ ಬಂದು ಕೆಲವು ತಿಂಗಳು ತಂಗಿದ್ದನು. ಆಗ ಮೈಸೂರು ವಿಶ್ವವಿದ್ಯಾನಿಲಯದ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ಬಿ.ಎಸ್. ಮಾಧವರಾಯರು ಬಾರ್ನನ ಕ್ಷೇತ್ರಸಿದ್ಧಾಂತದಲ್ಲಿ ತೊಡಗಿಕೊಂಡರು. 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದು ಯುದ್ಧದಿಂದಾಗಿ ಇಲ್ಲಿಯೇ ಉಳಿದ ಹೋಮಿ ಭಾಭಾ, ಸಂಸ್ಥೆಯಲ್ಲಿ ರೀಡರ್ ಆಗಿ ನೇಮಕಗೊಂಡರು. ಮೂಲಕಣಗಳ ಸಿದ್ಧಾಂತವನ್ನು ಕುರಿತ ಪ್ರಬಂಧಕ್ಕಾಗಿ 1942ರಲ್ಲಿ ಅವರಿಗೆ ಕೇಂಬ್ರಿಜ್ಜಿನ ಆಡಮ್ಸ್ ಬಹುಮಾನ ಸಂದಿತು. ಮ್ಯಾಕ್ಸ್‌ವೆಲ್ ಶನಿಯ ಉಂಗುರಗಳಿಗಾಗಿ ಪಡೆದ ಬಹುಮಾನವೇ ಬೆಂಗಳೂರಿನ ವಿಳಾಸಕ್ಕೆ ಬಂದಿತು. ಭಾಭಾ ಅವರಿಗೆ ಆಗ ಮೂವತ್ತಮೂರರೊಳಗೇ ವಯಸ್ಸು.

ಈ ಘಟನೆಯನ್ನು ಬರೆಯುವವರು ಸಾಮಾನ್ಯವಾಗಿ ಇಲ್ಲಿಯೇ ನಿಲ್ಲಿಸುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದರ ನೆರೆಹೊರೆಯಲ್ಲಿ ನಡೆದದ್ದು. ಭಾಭಾ ಬರೆದ ಕಣಗಳ ಸಮೀಕರಣದೊಳಗೆ ಹುದುಗಿದ್ದ ಬೀಜಗಣಿತವನ್ನು ಬಿಡಿಸಲು ಮಾಧವರಾಯರು, ವಿ.ಆರ್. ತಿರುವೆಂಕಟಾಚಾರ್, ಕೆ. ವೆಂಕಟಾಚಲಯ್ಯಂಗಾರ್ ಎಂಬ ಮೂವರು ಮೈಸೂರು ಸೀಮೆಯ ಅಧ್ಯಾಪಕರು ಸೇರಿ ದುಡಿದು, 1946ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಬೋಧನೆಯ ಹೊರೆಯಡಿಯಲ್ಲಿ, ಸಂಶೋಧನೆಯ ಸಲಕರಣೆಯಿಲ್ಲದ ಕಾಲೇಜಿನಲ್ಲಿ ಕುಳಿತು ಬರೆದ ಆ ಪ್ರಬಂಧವು ಭಾಭಾ ಅವರ ಬಹುಮಾನದಷ್ಟೇ ಸ್ಮರಣೀಯವೆಂದು ನನ್ನ ಮತ. 1943ರಿಂದ ಎರಡು ವರ್ಷ ಭಾಭಾ ಅವರೊಡನೆ ಬೆಂಗಳೂರಿನಲ್ಲಿ ಕೆಲಸಮಾಡಿದ ಹರೀಶ್‌ಚಂದ್ರರು ಕೇಂಬ್ರಿಜ್ಜಿಗೆ ಹೋಗಿ, ಭೌತಶಾಸ್ತ್ರವನ್ನು ತೊರೆದು, ಶತಮಾನದ ದೊಡ್ಡ ಶುದ್ಧಗಣಿತಜ್ಞರಲ್ಲೊಬ್ಬರಾದರು. ಬಹುಮಾನವು ಹತ್ತಿರದವರನ್ನು ಯಾವ ಕಡೆಗೆ ಎಳೆದೊಯ್ಯುವುದೆಂದು ಕೊಡುವವರಿಗೂ ಗೊತ್ತಿರುವುದಿಲ್ಲ.

ಟಾಟಾ ಮೂಲಭೂತ ಸಂಶೋಧನ ಸಂಸ್ಥೆ 1945ರ ಜೂನಿನಲ್ಲಿ ಕಣ್ತೆರೆದದ್ದೂ ಬೆಂಗಳೂರಿನಲ್ಲಿಯೇ. ಅದೇ ವರ್ಷ ಅದು ಮುಂಬಯಿಗೆ ಸ್ಥಳಾಂತರಗೊಂಡಿತು. ಬೆಂಗಳೂರಿನಲ್ಲಿ ಅನ್ವಯಗಣಿತಕ್ಕೆ ತನ್ನದೇ ಆದ ಮನೆ ದೊರಕಿದ್ದು 1956ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆ ವಿಭಾಗ ಆರಂಭವಾಗಿ ಪ್ರಭುಲಾಲ ಭಟ್ನಾಗರರು ಅದರ ಮುಖ್ಯಸ್ಥರಾದಾಗ. ರಾಜಸ್ಥಾನದ ಕೋಟಾದಲ್ಲಿ 1912ರಲ್ಲಿ ಜನಿಸಿದ ಇವರು, ಮುಖ್ಯಸ್ಥರಾಗುವುದಕ್ಕೆ ಎರಡು ವರ್ಷ ಮುಂಚೆ, ಗ್ರಾಸ್ ಮತ್ತು ಕ್ರೂಕ್ ಎಂಬಿಬ್ಬರೊಡನೆ ಅನಿಲಗಳ ಚಲನೆಯನ್ನು ಕುರಿತ ಒಂದು ಪ್ರಬಂಧವನ್ನು ಪ್ರಕಟಿಸಿದ್ದರು. ಅನಿಲದ ಅಣುಗಳು ಪರಸ್ಪರ ಡಿಕ್ಕಿಹೊಡೆಯುವ ಲೆಕ್ಕವನ್ನು ಬೋಲ್ಟ್ಸ್‌ಮನ್ನನ ಸಮೀಕರಣ ಹೇಳುವಂತೆ ಒಂದೊಂದಾಗಿ ಹಿಡಿಯಹೊರಟರೆ ಕೈಗೆ ಹತ್ತದು. ಅದರ ಬದಲು, ಕದಡಿದ ಅನಿಲ ಇಂತಿಷ್ಟು ಕಾಲದಲ್ಲಿ ಸಮತೋಲದ ಕಡೆಗೆ ಮರಳುತ್ತದೆಂಬ ಒಂದೇ ಪದವನ್ನು ಆ ಜಾಗದಲ್ಲಿಟ್ಟರೆ ಬಹುಪಾಲು ಸತ್ಯವೂ ಉಳಿಯುತ್ತದೆ, ಲೆಕ್ಕವೂ ಬಗೆಹರಿಯುತ್ತದೆ ಎಂಬುದು ಅವರ ಉಪಾಯ. ಮೂವರ ಹೆಸರಿನ ಮೊದಲಕ್ಷರಗಳಿಂದ ಬಿ.ಜಿ.ಕೆ. ಎಂದು ಕರೆಯಲ್ಪಟ್ಟ ಆ ಮಾದರಿ 1990ರ ದಶಕದಲ್ಲಿ ಗಣಕಯಂತ್ರದ ಮೇಲೆ ದ್ರವಗಳ ಹರಿವನ್ನು ಎಣಿಸುವ ಹೊಸ ವಿಧಾನವೊಂದರ ತಿರುಳಾಗಿ ಜಗತ್ತಿನಾದ್ಯಂತ ಹಬ್ಬಿತು. ಭಟ್ನಾಗರರು ತೀರಿಕೊಂಡು ಆಗ ಹದಿನೈದು ವರ್ಷಕ್ಕೂ ಹೆಚ್ಚು ಸಂದಿದ್ದವು.

ಆ ಮಾದರಿಯನ್ನು ಬೇಗನೆ ಕೈಗೆತ್ತಿಕೊಂಡವರಲ್ಲಿ ಒಬ್ಬ ಕನ್ನಡಿಗ ತರುಣನಿದ್ದುದನ್ನು ಇಲ್ಲಿ ಹೇಳದಿರಲಾರೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ, ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಆದ್ಯರಲ್ಲೊಬ್ಬರಾದ ಆರ್.ಎಲ್. ನರಸಿಂಹಯ್ಯನವರ ಮಗ ರೊದ್ದಂ ನರಸಿಂಹ, ಬೆಂಗಳೂರಿನಲ್ಲಿ ಸತೀಶ್ ಧವನರ ಶಿಷ್ಯರಾಗಿದ್ದು, ಕ್ಯಾಲಿಫೋರ್ನಿಯಾಕ್ಕೆ ಹೋಗಿ ಲೀಪ್‌ಮನ್ನನ ಬಳಿ ಓದಿ, ಶಬ್ದಕ್ಕಿಂತ ವೇಗದ ಹರಿವಿನಲ್ಲಿ ಏಳುವ ಆಘಾತತರಂಗದ ಒಳರಚನೆಯನ್ನು ಬಿ.ಜಿ.ಕೆ. ಮಾದರಿಯಿಂದ ಲೆಕ್ಕಹಾಕಿದ ಪ್ರಬಂಧವನ್ನು 1962ರಲ್ಲಿ ಗುರುವಿನೊಡನೆಯೂ ಚಾಹೀನ್ ಎಂಬವನೊಡನೆಯೂ ಪ್ರಕಟಿಸಿದರು. ಅದೇ ವರ್ಷ ಅವರು ಮರಳಿ ಬಂದು ಸೇರಿದ ಸಂಸ್ಥೆಯಲ್ಲಿ ಆ ಮಾದರಿಯ ಕರ್ತೃ ಗಣಿತ ಹೇಳುತ್ತಿದ್ದರು. ಇಬ್ಬರ ವಿಭಾಗಗಳು ಬೇರೆ. ಒಬ್ಬರದು ಅನ್ವಯಗಣಿತ, ಇನ್ನೊಬ್ಬರದು ವಿಮಾನಶಾಸ್ತ್ರ.

ಈ ಭೇದವು ಬಹುಮಾನದ ಚರಿತ್ರೆಯಲ್ಲಿ ವಿಚಿತ್ರವಾದ ಫಲವನ್ನು ಕೊಟ್ಟಿದೆ. ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯು ತನ್ನ ಮೊದಲ ನಿರ್ದೇಶಕರಾದ ಶಾಂತಿಸ್ವರೂಪ ಭಟ್ನಾಗರರ ಸ್ಮರಣೆಗಾಗಿ 1957ರಲ್ಲಿ ಒಂದು ಬಹುಮಾನವನ್ನು ಸ್ಥಾಪಿಸಿತು. ಇವರು ರಸಾಯನಜ್ಞರು, ಗಣಿತದ ಪ್ರಭುಲಾಲರಿಗೂ ಇವರಿಗೂ ಅಡ್ಡಹೆಸರೊಂದೇ ಸಮಾನ. 45 ವರ್ಷದೊಳಗಿನವರಿಗೆಂದು ಪ್ರಸಿದ್ಧವಾದ ಈ ಬಹುಮಾನ 1958ರಲ್ಲಿ ಮೊಟ್ಟಮೊದಲು ಸಂದದ್ದು ಅರುವತ್ತರ ಅಂಚಿನಲ್ಲಿದ್ದ ಕೆ.ಎಸ್. ಕೃಷ್ಣನ್ನರಿಗೆ! ಮುಂದೆ ಅದನ್ನು ಪಡೆದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಆದರೆ ಇದರ ವಿಭಾಗಗಳಲ್ಲಿ ಅನ್ವಯಗಣಿತವೆಂಬುದಿರಲಿಲ್ಲ. ‘ಗಣಿತವಿಜ್ಞಾನಗಳು’ ಎಂಬ ಒಂದೇ ಸೂರಿನಡಿಯಲ್ಲಿ ಶುದ್ಧವೂ ಅನ್ವಯವೂ ಕೂಡಿ ಬಾಳಬೇಕಾಗಿತ್ತು. ರೊದ್ದಂ ನರಸಿಂಹರಿಗೆ 1974ರಲ್ಲಿ ಅದು ಸಂದದ್ದು ಎಂಜಿನಿಯರಿಂಗ್ ವಿಭಾಗದಿಂದ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಹರಿವಿನ ಅಸ್ಥಿರತೆಯನ್ನು ಗಣಿತದಿಂದ ಸಾಧಿಸುತ್ತಿದ್ದ ರಮಾ ಗೋವಿಂದರಾಜನ್ನರಿಗೆ 2007ರಲ್ಲಿ ಸಂದದ್ದೂ ಅದೇ ವಿಭಾಗದಿಂದ. ಭಾಭಾ ಅವರನ್ನು ಭೌತಶಾಸ್ತ್ರ ತನ್ನವರೆಂದಿತು. ಅನ್ವಯಗಣಿತವು ಪಡೆದ ಗೌರವಗಳನ್ನು ಎಣಿಸಬೇಕಾದವನು ಪಕ್ಕದ ಮನೆಗಳ ಪಟ್ಟಿಗಳಲ್ಲಿ ಹುಡುಕಬೇಕು.

ಗಣಿತದ ಸೂರಿನಡಿಯಲ್ಲಿಯೇ ಅನ್ವಯಕ್ಕೆ ಸಂದ ಪ್ರಸಂಗಗಳೂ ಬೆಂಗಳೂರಿನಲ್ಲಿ ಉಂಟು. ಪ್ರಭುಲಾಲ ಭಟ್ನಾಗರರ ಶಿಷ್ಯರಾಗಿ ಅವರದೇ ವಿಭಾಗದಲ್ಲಿ ಅಧ್ಯಾಪಕರಾದ ಫೂಲನ್ ಪ್ರಸಾದರಿಗೆ, ಅಲೆಗಳು ಕಡಿದಾಗಿ ಆಘಾತತರಂಗಗಳಾಗುವ ಗಣಿತಕ್ಕಾಗಿ, 1983ರಲ್ಲಿ ಈ ಬಹುಮಾನ ದೊರೆಯಿತು. 1970ರ ದಶಕದ ನಡುವಿನಲ್ಲಿ ಟಾಟಾ ಸಂಸ್ಥೆಯ ಕೆ.ಜಿ. ರಾಮನಾಥನ್ನರ ಮುತುವರ್ಜಿಯಿಂದ, ಫ್ರಾನ್ಸಿನ ಜಾಕ್ ಲೂಯಿ ಲಿಯೋನ್ಸ್ ಮತ್ತು ಅವನ ಬಳಗದವರ ಉಪನ್ಯಾಸಗಳ ನೆರವಿನಿಂದ, ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗಣಿತದ ಅನ್ವಯಗಳ ಜಂಟಿ ಕಾರ್ಯಕ್ರಮವೊಂದು ಮೊಳೆಯಿತು; ಬೆಂಗಳೂರನ್ನು ಬಿಟ್ಟುಹೋದ ಸಂಸ್ಥೆ ಮೂವತ್ತು ವರ್ಷದ ಮೇಲೆ ಅನ್ವಯಗಣಿತದ ರೂಪದಲ್ಲಿ ತೌರಿಗೆ ಮರಳಿತೆನ್ನಬೇಕು. ಅದೇ ಈಗ ಯಲಹಂಕದ ಕಡೆ ಸ್ವಂತ ಕಟ್ಟಡದಲ್ಲಿದೆ. ಅಲ್ಲಿಯ ಆದಿಮೂರ್ತಿಯವರಿಗೆ 1997ರಲ್ಲಿಯೂ ಕೆ. ಸಂದೀಪರಿಗೆ 2015ರಲ್ಲಿಯೂ ಬಹುಮಾನ ಬಂದಿತು. ಆದಿಮೂರ್ತಿಯವರು ತಮ್ಮ ಸಹೋದ್ಯೋಗಿ ವೀರಪ್ಪಗೌಡರೊಡನೆಯೂ ಫ್ರಾನ್ಸಿನ ಜಾಫ್ರೆಯೊಡನೆಯೂ 2004ರಲ್ಲಿ ಪ್ರಕಟಿಸಿದ ಒಂದು ಕೆಲಸ ಲೈಟ್‌ಹಿಲ್ಲನ ಸಮೀಕರಣದ ಜಾತಿಗೇ ಸೇರಿದ್ದು: ಹರಿಯುವ ವಸ್ತುವಿನ ದಾರಿ ನಡುವೆ ಒಮ್ಮೆಲೇ ಬದಲಾದರೆ, ಉದಾಹರಣೆಗೆ ನೆಲದೊಳಗೆ ಎಣ್ಣೆಯೂ ನೀರೂ ಒಂದು ಬಗೆಯ ಶಿಲೆಯಿಂದ ಇನ್ನೊಂದಕ್ಕೆ ದಾಟುವಲ್ಲಿ, ಅಥವಾ ಅಗಲವಾದ ಹೆದ್ದಾರಿ ಘಟ್ಟದ ಬಾಯಲ್ಲಿ ಕಿರಿದಾಗುವಲ್ಲಿ, ಆ ಸಂಧಿಸ್ಥಾನದ ಲೆಕ್ಕವನ್ನು ಗಣಕಯಂತ್ರಕ್ಕೆ ಹೇಗೆ ಒಪ್ಪಿಸಬೇಕೆಂಬುದು. ಸಕಲೇಶಪುರದಿಂದ ಶಿರಾಡಿಗಿಳಿಯುವ ಲಾರಿಗಳ ಸಾಲನ್ನು ಕಂಡವರಿಗೆ ಈ ಸಂಧಿಸ್ಥಾನ ಯಾವುದೆಂದು ಹೇಳಿಕೊಡಬೇಕಾಗಿಲ್ಲ.

ವಯಸ್ಸಿನ ಕಟ್ಟಳೆಯ ಬಗ್ಗೆ ಒಂದು ಮಾತು. ಶುದ್ಧಗಣಿತದಲ್ಲಿ ಪ್ರಮೇಯ ಸಾಧಿತವಾದ ದಿನವೇ ಅದರ ಬೆಲೆ ಬಹುಮಟ್ಟಿಗೆ ಗೊತ್ತಾಗುತ್ತದೆ. ಅನ್ವಯಗಣಿತದಲ್ಲಿ ಹಾಗಲ್ಲ, ಬಿ.ಜಿ.ಕೆ.ಯಂತಹ ಮಾದರಿಯ ಪೂರ್ಣಪ್ರಯೋಜನ ತಿಳಿಯಲು ನಲವತ್ತು ವರ್ಷ ಬೇಕಾಯಿತು, ಸೇತುವೆಯ ಸಮೀಕರಣಕ್ಕೆ ಅದಕ್ಕೂ ಹೆಚ್ಚು. ಹೀಗಿರುವಲ್ಲಿ ಎಳೆಯ ಅನ್ವಯಗಣಿತಜ್ಞನಿಗೆ ಬಹುಮಾನ ಕೊಡುವವರು ಅವನ ಫಲವನ್ನು ಅಳೆಯುವುದಕ್ಕಿಂತ, ಅವನು ಎತ್ತಿಕೊಂಡ ಪ್ರಶ್ನೆ ಲೋಕದಲ್ಲಿ ನಿಜವಾಗಿ ಇರುವ ಪ್ರಶ್ನೆಯೇ ಎಂದು ನೋಡುವುದು ಹೆಚ್ಚು ನ್ಯಾಯವೆಂದು ತೋರುತ್ತದೆ. ಹಳೆಯ ಪ್ಯಾರಿಸ್ ಅಕಾಡೆಮಿಯವರೂ ಆಡಮ್ಸ್ ಬಹುಮಾನದವರೂ ಪ್ರಶ್ನೆಯನ್ನು ತಾವೇ ಸಾರುತ್ತಿದ್ದುದರಲ್ಲಿ ಈ ವಿವೇಕವಿತ್ತು. ಇಂದಿನ ಬಹುಮಾನಗಳು ನಾಮನಿರ್ದೇಶನವನ್ನು ಕೇಳುತ್ತವೆ, ಪ್ರಶ್ನೆಯನ್ನು ಕೇಳುವುದಿಲ್ಲ. ಕೇಳುವ ಮನಸ್ಸಿದ್ದರೆ ಪ್ರಶ್ನೆಗಳಿಗೇನೂ ಬರಗಾಲವಿಲ್ಲ: 2018ರ ಮಳೆಗಾಲದಲ್ಲಿ ಈ ಘಟ್ಟದ ಹಳಿಯ ಮೇಲೆ ಹಲವೆಡೆ ಗುಡ್ಡ ಜರಿಯಿತು, 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿಗಳ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಗಾಡಿಗಳು ದಿನಗಟ್ಟಲೆ ನಿಂತವು. ನೀರು ಕುಡಿದ ಇಳಿಜಾರು ಯಾವ ಗಳಿಗೆಯಲ್ಲಿ ಕೈಬಿಡುತ್ತದೆಂದು ಮುಂಚಿತವಾಗಿ ಹೇಳಬಲ್ಲ ಗಣಿತ ಇನ್ನೂ ಪಕ್ವವಾಗಿಲ್ಲ.

ಅದೇ 2024ರ ಆಗಸ್ಟಿನಲ್ಲಿ ಶಾಂತಿಸ್ವರೂಪ ಭಟ್ನಾಗರ್ ಬಹುಮಾನವು ಹೊಸ ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳಲ್ಲಿ ‘ವಿಜ್ಞಾನ ಯುವ’ ಎಂಬ ವರ್ಗವಾಗಿ ಮಾರ್ಪಟ್ಟು ಮೊದಲ ಬಾರಿಗೆ ರಾಷ್ಟ್ರಪತಿಭವನದಲ್ಲಿ ಪ್ರದಾನವಾಯಿತು. 45ರ ಮಿತಿ ಹಾಗೆಯೇ ಉಳಿದಿದೆ. ಗಣಿತ ಮತ್ತು ಗಣಕವಿಜ್ಞಾನವನ್ನು ಜೊತೆಗೂಡಿಸಿದ ವಿಭಾಗದಿಂದ ಆ ವರ್ಷ ಅದನ್ನು ಪಡೆದವರು ಭಾರತೀಯ ವಿಜ್ಞಾನ ಸಂಸ್ಥೆಯ ಮಹೇಶ ಕಾಕಡೆ. ಅವರ ಕ್ಷೇತ್ರ ಸಂಖ್ಯಾಸಿದ್ಧಾಂತ.